ಹಳಿಯ ಮೇಲೆ ಮೂವರು: ‘ದಿ ಸ್ಟೇಷನ್ ಏಜೆಂಟ್’ ಮತ್ತು ಒಂಟಿಗರ ಕೆಲವು ಸ್ವತಂತ್ರ ಚಿತ್ರಗಳು

ಒಬ್ಬ ಕೂತು ಪುಸ್ತಕ ಓದುತ್ತಿದ್ದಾನೆ. ಇನ್ನೊಬ್ಬ ಬಂದು ಪಕ್ಕದಲ್ಲಿ ಕೂರಬಹುದಾ ಎಂದು ಕೇಳುತ್ತಾನೆ. ಮಾತಾಡದೆ ಇರುವುದಾದರೆ ಕೂರಬಹುದು ಎಂಬ ಷರತ್ತು ಬರುತ್ತದೆ. ಬಂದವನು ಒಪ್ಪಿ ಕೂರುತ್ತಾನೆ. ಹೊತ್ತು ಹೋಗುತ್ತದೆ. ಬಾಯಿ ಮುಚ್ಚಿ ಕೂರುವುದು ಜಾಯಮಾನದಲ್ಲೇ ಇಲ್ಲದ ಒಬ್ಬ ಮನುಷ್ಯ ಇನ್ನೊಬ್ಬನ ಪಕ್ಕ ಇರಬೇಕೆಂಬ ಒಂದೇ ಆಸೆಗೆ ತುಟಿ ಬಿಗಿಹಿಡಿದು ಕೂತಿದ್ದಾನೆ. ‘ದಿ ಸ್ಟೇಷನ್ ಏಜೆಂಟ್’ (2003) ಎಂಥ ಸಿನಿಮಾ ಎಂದು ಯಾರಾದರೂ ಕೇಳಿದರೆ ಈ ಒಂದು ದೃಶ್ಯ ತೋರಿಸಿದರೆ ಸಾಕು.

ಊರಿಗೆ ಸೇರದ ಒಂಟಿ ಮನುಷ್ಯ, ಅವನಿಗೆ ಬೇಕಾದ ಒಂದು ಜೊತೆ. ದೊಡ್ಡ ಸ್ಟುಡಿಯೊಗಳ ಹಂಗಿಲ್ಲದೆ ಸ್ವತಂತ್ರ ಚಿತ್ರ ಮಾಡುವವರಿಗೆ ಈ ವಸ್ತುವಿನ ಮೇಲೆ ಬಲು ಪ್ರೀತಿ. ಅದಕ್ಕೆ ಹಣದ ಕಾರಣವೂ ಇದೆ. ಮೂವರು ನಟರು, ಎರಡು ಮನೆ, ಒಂದು ರಸ್ತೆ ಇದ್ದರೆ ಕತೆ ನಡೆದುಹೋಗುತ್ತದೆ. ಸೆಟ್ ಬೇಡ, ಜನಜಂಗುಳಿ ಬೇಡ. ಆದರೆ ಕೈಗೆ ಸುಲಭವಾಗಿ ಸಿಗುವ ವಸ್ತು ಅಷ್ಟೇ ಸುಲಭವಾಗಿ ಕೆಡುತ್ತದೆ. ಕಿಟಕಿಯಾಚೆ ಮಳೆ, ಒಳಗೆ ಒಬ್ಬ, ಹಿನ್ನೆಲೆಯಲ್ಲಿ ಪಿಯಾನೊ: ಇಷ್ಟನ್ನು ತೋರಿಸಿ ಇದೇ ಒಂಟಿತನ ಎಂದು ನಂಬಿಸಲು ನೋಡುವ ಚಿತ್ರಗಳಿಗೆ ಲೆಕ್ಕವಿಲ್ಲ. ಅಲ್ಲಿ ನಮಗೆ ಸಿಗುವುದು ಮರುಕ ಮಾತ್ರ, ಆ ಮನುಷ್ಯ ಸಿಗುವುದಿಲ್ಲ.

ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವ ಒಂದು ಪ್ರಶ್ನೆ ಇದೆ. ಇಲ್ಲಿ ಹೇಳುವ ಎಂಟು ಚಿತ್ರಗಳಿಗೂ ಅದನ್ನೇ ಹಾಕಿ ನೋಡಬಹುದು. ಇಬ್ಬರ ನಡುವೆ ಕೈಗೆ ಸಿಗುವಂಥ ಒಂದು ಕೆಲಸ ಇದೆಯಾ? ನಡೆಯುವುದು, ಬಾರಿಸುವುದು, ಬರೆಯುವುದು, ಗಾಡಿ ತಳ್ಳುವುದು, ಏನಾದರೂ ಸರಿ. ಒಂಟಿಯಾಗಿದ್ದು ಅಭ್ಯಾಸವಾದವರು ಎದುರುಬದುರು ಕೂತು ಮನಸ್ಸು ಬಿಚ್ಚುವುದಿಲ್ಲ. ಅವರಿಗೆ ಅಕ್ಕಪಕ್ಕ ನಿಲ್ಲುವುದಕ್ಕೆ ಒಂದು ನೆಪ ಬೇಕು, ಇಬ್ಬರ ಕಣ್ಣೂ ಮೂರನೆಯದೊಂದರ ಮೇಲಿರಬೇಕು. ಆ ಮೂರನೆಯದನ್ನು ಸರಿಯಾಗಿ ಹುಡುಕಿಕೊಂಡ ನಿರ್ದೇಶಕನ ಚಿತ್ರ ನಿಲ್ಲುತ್ತದೆ. ಅದು ಸಿಗದವನು ಪಾತ್ರಗಳ ಬಾಯಲ್ಲಿ ಒಂಟಿತನದ ಬಗ್ಗೆ ಭಾಷಣ ಮಾಡಿಸುತ್ತಾನೆ.

‘ದಿ ಸ್ಟೇಷನ್ ಏಜೆಂಟ್’ ಟಾಮ್ ಮೆಕಾರ್ಥಿ ಬರೆದು ನಿರ್ದೇಶಿಸಿದ ಮೊದಲ ಚಿತ್ರ. 89 ನಿಮಿಷ. ಸುಮಾರು 5 ಲಕ್ಷ ಡಾಲರ್ ಖರ್ಚು, 20 ದಿನಗಳ ಚಿತ್ರೀಕರಣ, ಸೂಪರ್ 16 ಫಿಲಂ. ಛಾಯಾಗ್ರಹಣ ಆಲಿವರ್ ಬೊಕೆಲ್‌ಬರ್ಗ್, ಸಂಗೀತ ಸ್ಟೀಫನ್ ಟ್ರಾಸ್ಕ್. ಸ್ವತಂತ್ರ ಚಿತ್ರಗಳಿಗೆ ಹೆಸರಾದ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ 2003ರಲ್ಲಿ ಪ್ರೇಕ್ಷಕರ ಪ್ರಶಸ್ತಿ, ಚಿತ್ರಕತೆಯ ಪ್ರಶಸ್ತಿ ಎರಡೂ ಬಂದವು. ಆಮೇಲೆ ಮೂಲ ಚಿತ್ರಕತೆಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಕೂಡ ಸಿಕ್ಕಿತು. ಮೂರು ಮುಖ್ಯ ಪಾತ್ರಗಳನ್ನು ಮೆಕಾರ್ಥಿ ಬರೆಯುವಾಗಲೇ ಪೀಟರ್ ಡಿಂಕ್ಲೇಜ್, ಪೆಟ್ರಿಶಿಯಾ ಕ್ಲಾರ್ಕ್‌ಸನ್, ಬಾಬಿ ಕನವಾಲಿ ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅದು ಪರದೆಯ ಮೇಲೆ ಕಾಣುತ್ತದೆ. ಮೂವರ ಮಾತಿನ ವೇಗ ಮೂರು ಥರ, ಮೌನವೂ ಮೂರು ಥರ.

ಕತೆ ಇಷ್ಟು. ಫಿನ್ ಮೆಕ್‌ಬ್ರೈಡ್ (ಡಿಂಕ್ಲೇಜ್) ಕುಬ್ಜ ದೇಹದವನು. ನ್ಯೂಜೆರ್ಸಿಯ ಹೋಬೋಕನ್‌ನಲ್ಲಿ ಆಟಿಕೆ ರೈಲುಗಳ ಅಂಗಡಿಯಲ್ಲಿ ಕೆಲಸ. ಅಂಗಡಿಯ ಯಜಮಾನ ಹೆನ್ರಿಯೇ ಅವನಿಗಿರುವ ಒಬ್ಬ ಗೆಳೆಯ. ಒಂದು ದಿನ ಹೆನ್ರಿ ಅಂಗಡಿಯಲ್ಲೇ ಕುಸಿದು ಸಾಯುತ್ತಾನೆ. ಅಂಗಡಿ ಕೈತಪ್ಪುತ್ತದೆ. ಉಯಿಲಿನಲ್ಲಿ ಫಿನ್ ಪಾಲಿಗೆ ಬಂದದ್ದು ನ್ಯೂಫೌಂಡ್‌ಲ್ಯಾಂಡ್ ಎಂಬ ಹಳ್ಳಿಯಲ್ಲಿರುವ ಒಂದು ಹಳೇ ರೈಲು ನಿಲ್ದಾಣ. ಅದೂ ನ್ಯೂಜೆರ್ಸಿಯದೇ. ಅವನು ಪೆಟ್ಟಿಗೆ ಹಿಡಿದು ಹಳಿ ಗುಂಟ ನಡೆದೇ ಅಲ್ಲಿಗೆ ಹೋಗುತ್ತಾನೆ. ಯಾರ ಕಣ್ಣಿಗೂ ಬೀಳದೆ ಇರಬೇಕು, ಅವನಿಗೆ ಬೇಕಾದ್ದು ಅಷ್ಟೇ. ಆದರೆ ನಿಲ್ದಾಣದ ಮಗ್ಗುಲಲ್ಲೇ ಜೋ (ಕನವಾಲಿ) ಎಂಬಾತ ಕಾಯಿಲೆ ಬಿದ್ದ ಅಪ್ಪನ ಬದಲು ಕಾಫಿ, ತಿಂಡಿಯ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಅವನಿಗೆ ಮಾತಿನ ಹಸಿವು. ಇನ್ನೊಬ್ಬಳು ಆಲಿವಿಯಾ (ಕ್ಲಾರ್ಕ್‌ಸನ್). ಮಗನನ್ನು ಕಳೆದುಕೊಂಡು ಗಂಡನಿಂದ ದೂರವಾಗಿ ದೊಡ್ಡ ಮನೆಯಲ್ಲಿ ಒಬ್ಬಳೇ ಇರುವ ಚಿತ್ರಕಲಾವಿದೆ. ಫಿನ್‌ಗೆ ಅವಳ ಪರಿಚಯ ಆಗುವುದು ಅವಳ ಕಾರಿನಡಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿದಾಗ. ಒಂದು ಸಲ ಅಲ್ಲ, ಎರಡು ಸಲ.

ಈ ಮೂವರನ್ನು ಒಂದು ಕಡೆ ಸೇರಿಸುವುದು ರೈಲು. ಇಲ್ಲಿ ಮೆಕಾರ್ಥಿ ಅವರ ಕುಸುರಿ ಗಮನಿಸಬೇಕು. ಫಿನ್‌ಗೆ ರೈಲಿನ ಹುಚ್ಚು ಇರುವುದು ಬರೀ ಪಾತ್ರದ ಅಲಂಕಾರಕ್ಕಲ್ಲ. ಅವನು ಹಳಿಯ ಮೇಲೆ ನಡೆಯುವವನು. ಹಳಿಯ ಮೇಲೆ ನಡೆಯುವಾಗ ಎದುರು ನೋಡಬೇಕು, ಹೆಜ್ಜೆಯನ್ನು ಹಳಿಯಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳ ಅಂತರಕ್ಕೆ ಹೊಂದಿಸಬೇಕು. ಪಕ್ಕದವನ ಮುಖ ನೋಡುತ್ತಾ ನಡೆಯಲಾಗದು. ನೋಟವೇ ಶತ್ರುವಾದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಅಂಗಡಿಗೆ ಹೋದರೆ ಅಲ್ಲಿನ ಹೆಂಗಸು ಕೇಳದೇ ಅವನ ಫೋಟೊ ಕ್ಲಿಕ್ಕಿಸುತ್ತಾಳೆ. ಲೈಬ್ರರಿಗೆ ಹೋದರೆ ಕೆಲಸದ ಹುಡುಗಿ ಬೆಚ್ಚಿ ಕಿರುಚುತ್ತಾಳೆ. ಹಳಿಯ ಮೇಲೆ ಮಾತ್ರ ಯಾರೂ ಅವನನ್ನು ನೋಡುವುದಿಲ್ಲ, ಎಲ್ಲರೂ ಮುಂದೆ ನೋಡುತ್ತಾರೆ. ಜೋ, ಆಲಿವಿಯಾ ಅವನ ಜೊತೆ ನಡೆಯತೊಡಗಿದ ಮೇಲೆ ಅವರ ನಡುವಿನ ಬಿಗುವು ಸಡಿಲವಾಗುವುದು ಮಾತಿನಿಂದಲ್ಲ, ಈ ನಡಿಗೆಯಿಂದ.

ಸ್ನೇಹ ಬೆಳೆಯುವ ಮೆಟ್ಟಿಲುಗಳನ್ನು ನೋಡಿದರೆ ಒಂದನ್ನೂ ಹಾರಿಸಿಲ್ಲ ಎಂಬುದು ತಿಳಿಯುತ್ತದೆ. ಮೊದಲು ಕಾಫಿ ಕೊಳ್ಳುವಷ್ಟು ವ್ಯವಹಾರ. ಆಮೇಲೆ ಬಿಟ್ಟೂ ಬಿಡದೆ ಕೇಳುವ ಜೋ, ಒಂದೊಂದಕ್ಕೂ ಬೇಡ ಎನ್ನುವ ಫಿನ್. ಆಮೇಲೆ ಆ ಮೌನದ ಷರತ್ತು. ಆಮೇಲೆ ನಡಿಗೆ. ಆಲಿವಿಯಾ ಒಂದು ವಿಡಿಯೊ ಕ್ಯಾಮೆರಾ ತಂದುಕೊಡುತ್ತಾಳೆ. ರೈಲಿನ ಹುಚ್ಚಿನವರು ಓಡುವ ರೈಲಿನ ಪಕ್ಕ ಗಾಡಿ ಓಡಿಸಿಕೊಂಡು ಅದನ್ನು ಚಿತ್ರೀಕರಿಸುತ್ತಾರೆ ಎಂದು ಫಿನ್ ಹಿಂದೊಮ್ಮೆ ನೋಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜೋ ತಿಂಡಿಗಾಡಿಯನ್ನೇ ರೈಲಿನ ಸಮಕ್ಕೆ ಓಡಿಸುತ್ತಾನೆ, ಫಿನ್ ಕ್ಯಾಮೆರಾ ಹಿಡಿಯುತ್ತಾನೆ. ಆ ರಾತ್ರಿ ಆಲಿವಿಯಾ ಮನೆಯಲ್ಲಿ ಊಟ, ಊಟದ ಜೊತೆ ಆ ವಿಡಿಯೊ. ಹೊರಗಿನವರಿಗೆ ಅದರಲ್ಲಿ ನೋಡುವಂಥದ್ದು ಏನೂ ಇಲ್ಲ, ಅಲುಗಾಡುವ ಒಂದು ರೈಲು ಅಷ್ಟೇ. ಅವರಿಗೆ ಅದು ತಾವು ಮಾಡಿದ ರೈಲು. ಊರೆಲ್ಲ ಯಾರನ್ನು ದಿಟ್ಟಿಸುತ್ತದೋ ಅವನ ಕೈಗೇ ಕ್ಯಾಮೆರಾ ಕೊಟ್ಟದ್ದು ಈ ಚಿತ್ರಕತೆಯ ಅತ್ಯಂತ ಜಾಣ ನಡೆ. ಅಂಗಡಿಯಲ್ಲಿ ಅವನ ಫೋಟೊ ತೆಗೆದ ಗಳಿಗೆಯ ಲೆಕ್ಕ ಇಲ್ಲಿ ಚುಕ್ತಾ ಆಗುತ್ತದೆ. ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಡಿಂಕ್ಲೇಜ್ ನಟನೆಯಲ್ಲಿ ನೋಡಬೇಕಾದ್ದು ಉತ್ತರ ಕೊಡುವ ಮುಂಚಿನ ಗಳಿಗೆ. ಯಾರಾದರೂ ಮಾತಾಡಿಸಿದಾಗ ಡಿಂಕ್ಲೇಜ್ ಮುಖದಲ್ಲಿ ಒಂದು ತೂಕ ನಡೆಯುತ್ತದೆ: ಇದು ಕುತೂಹಲವೋ, ಕುಚೋದ್ಯವೋ, ನಿಜವಾದ ಪ್ರಶ್ನೆಯೋ? ಆ ತೂಕ ಮುಗಿದ ಮೇಲೆಯೇ ಪದ ಹೊರಬರುವುದು. ಕ್ಲಿಯೋ ಎಂಬ ಪುಟ್ಟ ಹುಡುಗಿಯ ಜೊತೆ ಮಾತ್ರ ಆ ತಡ ಕಡಿಮೆ. ರೇವನ್ ಗುಡ್ವಿನ್ ಮಾಡಿರುವ ಈ ಪಾತ್ರ ತನ್ನ ಶಾಲೆಗೆ ಬಂದು ರೈಲುಗಳ ಬಗ್ಗೆ ಮಾತಾಡು ಎಂದು ಕೇಳುತ್ತದೆ. ಅವನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಒಂದು ತರಗತಿಯ ಮಕ್ಕಳ ಎದುರು ನಿಲ್ಲುವುದು ಎಂದರೆ ಅವನು ಇಡೀ ಬದುಕು ತಪ್ಪಿಸಿಕೊಂಡು ಓಡಾಡಿದ್ದರ ಎದುರು ಹೋಗಿ ನಿಂತ ಹಾಗೆ. ಕೊನೆಗೆ ಅವನು ಹೋಗಿ ಮಾತಾಡುವ ದೃಶ್ಯಕ್ಕೆ ಮೆಕಾರ್ಥಿ ಚಪ್ಪಾಳೆ ಹಾಕಿಸಿಲ್ಲ, ಸಂಗೀತ ಏರಿಸಿಲ್ಲ. ಒಬ್ಬ ಹುಡುಗ ಕೇಳಬಾರದ್ದನ್ನು ಕೇಳಿಯೇ ಕೇಳುತ್ತಾನೆ. ಬದುಕಿನಲ್ಲಿ ಆಗುವುದೂ ಹೀಗೇ.

ಇಲ್ಲಿಂದ ಮುಂದೆ ಕತೆಯ ತಿರುವುಗಳ ಮಾತಿದೆ. ತಿಳಿಯುವುದು ಬೇಡ ಎನ್ನುವವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಬಹುದು. ಚಿತ್ರದ ದುರ್ಬಲ ಭಾಗ ಕೊನೆಯ ಮೂರನೇ ಒಂದು. ಅಲ್ಲಿಯ ತನಕ ಕಾಫಿ, ನಡಿಗೆ, ಊಟ ಎಂದು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಂದ ಚಿತ್ರ ಒಮ್ಮೆಲೇ ಹಲವು ಏಟುಗಳನ್ನು ಒಟ್ಟಿಗೆ ಕೊಡುತ್ತದೆ. ಆಲಿವಿಯಾ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಫಿನ್ ಕುಡಿದು ಬಾರಿನ ಕಟ್ಟೆಯ ಮೇಲೆ ಹತ್ತಿ ಎಲ್ಲರೂ ನೋಡಿಕೊಳ್ಳಿ ಎಂದು ಕೂಗುತ್ತಾನೆ, ಹಳಿಯ ಮೇಲೆ ಬೀಳುತ್ತಾನೆ, ಅದರ ಬೆನ್ನಿಗೇ ಆಲಿವಿಯಾ ಮಾತ್ರೆ ನುಂಗಿರುತ್ತಾಳೆ. ಒಂದೊಂದೂ ನಂಬುವಂಥದ್ದೇ. ಬಾರಿನ ದೃಶ್ಯವಂತೂ ಎದೆ ಹಿಂಡುತ್ತದೆ, ಏಕೆಂದರೆ ಒಂದು ಗಂಟೆ ಕಾಲ ತಡೆದಿಟ್ಟ ದನಿ ಅಲ್ಲಿ ಒಡೆಯುತ್ತದೆ. ತೊಂದರೆ ಇರುವುದು ಅಂತರದಲ್ಲಿ. ಒಂದು ಏಟು ಇಳಿಯುವ ಮೊದಲೇ ಇನ್ನೊಂದು ಬೀಳುವುದರಿಂದ ಚಿತ್ರಕತೆಯ ಅವಸರ ಕಾಣಿಸಿಬಿಡುತ್ತದೆ. ಮಿಶೆಲ್ ವಿಲಿಯಮ್ಸ್ ಮಾಡಿದ ಲೈಬ್ರರಿ ಹುಡುಗಿ ಎಮಿಲಿಗೆ ಇದರಿಂದ ಅನ್ಯಾಯ ಆಗಿದೆ. ಅವಳ ಬಸಿರು, ಅವಳ ಒರಟು ಗೆಳೆಯ, ಫಿನ್ ಕಡೆಗಿನ ಅವಳ ಒಲವು, ಎಲ್ಲಕ್ಕೂ ಬಾಗಿಲು ತೆರೆದು ಯಾವುದರ ಒಳಕ್ಕೂ ಹೋಗದೆ ಬಿಟ್ಟಂತಾಗಿದೆ. ಆದರೆ ಕೊನೆಯ ದೃಶ್ಯ ಆ ತಪ್ಪನ್ನು ಸರಿದೂಗಿಸುತ್ತದೆ. ಮೂವರೂ ಒಟ್ಟಿಗೆ ಕೂತು ಏನೋ ಸಾಧಾರಣ ಮಾತಾಡುತ್ತಾರೆ. ಯಾರ ದುಃಖವೂ ಪರಿಹಾರ ಆಗಿಲ್ಲ. ಒಬ್ಬರಿಗೊಬ್ಬರು ಕಾಲೆಳೆಯುವಷ್ಟು ಹತ್ತಿರ ಬಂದಿದ್ದಾರೆ. ಚಿತ್ರ ಅಲ್ಲಿಗೇ ಮುಗಿಯುತ್ತದೆ.

ಮೆಕಾರ್ಥಿ ಅವರ ಎರಡನೇ ಚಿತ್ರ ‘ದಿ ವಿಸಿಟರ್’ (2007) ಇದೇ ಮನೆಯ ಇನ್ನೊಂದು ಕೋಣೆ. ಕನೆಕ್ಟಿಕಟ್‌ನ ಅರ್ಥಶಾಸ್ತ್ರದ ಪ್ರೊಫೆಸರ್ ವಾಲ್ಟರ್ ಹೆಂಡತಿಯನ್ನು ಕಳೆದುಕೊಂಡವನು. ಅವಳು ಪಿಯಾನೊ ನುಡಿಸುತ್ತಿದ್ದಳು ಎಂದು ಈ ವಯಸ್ಸಿನಲ್ಲಿ ಪಿಯಾನೊ ಕಲಿಯಲು ಹೊರಟು ಸೋಲುತ್ತಿದ್ದಾನೆ. ನ್ಯೂಯಾರ್ಕಿನಲ್ಲಿರುವ ತನ್ನ ಮನೆಗೆ ಬಹಳ ದಿನದ ಮೇಲೆ ಹೋದರೆ ಅಲ್ಲಿ ಸಿರಿಯಾದ ತಾರಿಕ್, ಸೆನೆಗಲ್‌ನ ಜೈನಾಬ್ ವಾಸ ಮಾಡುತ್ತಿದ್ದಾರೆ. ಯಾರೋ ಮೋಸ ಮಾಡಿ ಅವರಿಗೆ ಆ ಮನೆ ಬಾಡಿಗೆಗೆ ಕೊಟ್ಟಿರುತ್ತಾನೆ. ಇಲ್ಲಿ ಮೂರನೆಯ ವಸ್ತು ಜೆಂಬೆ ಎಂಬ ಆಫ್ರಿಕದ ಡೋಲು. ತಾರಿಕ್ ವಾಲ್ಟರ್‌ಗೆ ಹೇಳಿಕೊಡುವ ಮೊದಲ ಪಾಠವನ್ನು ಕಿವಿಗೊಟ್ಟು ಕೇಳಬೇಕು. ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ವಾಲ್ಟರ್‌ನ ತಲೆಯಲ್ಲಿ ಲೆಕ್ಕ ನಾಲ್ಕರದು. ಇಲ್ಲಿ ಮೂರರ ಲೆಕ್ಕ ಹಿಡಿಯಬೇಕು, ಯೋಚನೆ ಬಿಡಬೇಕು. ವಾಲ್ಟರ್ ಆಗಿ ನಟಿಸಿರುವ ರಿಚರ್ಡ್ ಜೆಂಕಿನ್ಸ್ ಅವರ ಕೈ ಮೊದಲು ಹಲಗೆಯ ಮೇಲೆ ಬಡಿದಂತೆ ಬಡಿಯುತ್ತದೆ, ಭುಜ ಕಿವಿಯ ತನಕ ಏರಿರುತ್ತದೆ. ದಿನ ಕಳೆದಂತೆ ಭುಜ ಇಳಿಯುವುದನ್ನು ನೋಡುತ್ತಾ ಹೋಗಿ. ಆ ಪಾತ್ರದ ಇಡೀ ಬದಲಾವಣೆ ಆ ಭುಜದಲ್ಲಿದೆ. ಈ ನಟನೆಗೆ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಈ ಚಿತ್ರದ ಮೇಲೆ ಒಂದು ತಕರಾರು ಇದೆ, ಅದು ಈ ಬಗೆಯ ಎಷ್ಟೋ ಚಿತ್ರಗಳಿಗೆ ಸಲ್ಲುವಂಥದ್ದು. ಹೊರಗಿನಿಂದ ಬಂದವನ ಕಷ್ಟ ಒಳಗಿನವನ ಮನಸ್ಸು ಅರಳಿಸುವುದಕ್ಕೆ ಬಳಕೆಯಾಗಿಬಿಡುತ್ತದೆ. ದಾಖಲೆಯಿಲ್ಲದ ವಲಸಿಗನೆಂದು ತಾರಿಕ್‌ನನ್ನು ಬಂಧಿಸಿದ ಮೇಲೆ ಅವನಿಗೆ ಏನಾಗುತ್ತಿದೆ ಎನ್ನುವುದಕ್ಕಿಂತ ವಾಲ್ಟರ್‌ಗೆ ಏನನ್ನಿಸುತ್ತಿದೆ ಎನ್ನುವುದೇ ಮುಂದಾಗುತ್ತದೆ. ಗಾಜಿನ ಆಚೆಗಿನ ಮುಖ ಮಸುಕಾಗುತ್ತಾ ಹೋಗುತ್ತದೆ. ತಾರಿಕ್‌ನ ತಾಯಿಯಾಗಿ ಹಿಯಾಮ್ ಅಬ್ಬಾಸ್ ಬಂದದ್ದರಿಂದ ಚಿತ್ರ ಬಚಾವಾಯಿತು. ಅವರ ಘನತೆಯ ಎದುರು ಕತೆ ತನ್ನ ದಾರಿ ತಿದ್ದಿಕೊಳ್ಳಬೇಕಾಗುತ್ತದೆ.

ಆ ತಕರಾರಿಗೆ ಉತ್ತರದಂತಿರುವುದು ರಮಿನ್ ಬಹ್ರಾನಿ ಅವರ ‘ಮ್ಯಾನ್ ಪುಶ್ ಕಾರ್ಟ್’ (2005). 87 ನಿಮಿಷ. ಇಲ್ಲಿ ಹೊರಗಿನವನೇ ಒಳಗಿನವನು. ಅಹ್ಮದ್ ಪಾಕಿಸ್ತಾನದಲ್ಲಿ ಹೆಸರು ಮಾಡಿದ್ದ ರಾಕ್ ಗಾಯಕ. ಈಗ ಮ್ಯಾನ್‌ಹಟನ್‌ನ ಬೀದಿಯಲ್ಲಿ ಕಾಫಿ, ಡೋನಟ್ ಮಾರುವ ಉಕ್ಕಿನ ಗಾಡಿಯವನು. ಪಾತ್ರ ಮಾಡಿದ ಅಹ್ಮದ್ ರಜ್ವಿ ಅದೇ ಕೆಲಸ ಮಾಡಿ ಗೊತ್ತಿದ್ದವರು, ವೃತ್ತಿಯಿಂದ ನಟರಲ್ಲ. ಹಾಗಾಗಿ ಕೈ ಸುಳ್ಳು ಹೇಳುವುದಿಲ್ಲ. ಇನ್ನೂ ಕತ್ತಲಿರುವಾಗ ಗಾಡಿಯನ್ನು ವಾಹನಗಳ ನಡುವೆ ಮೈಬಗ್ಗಿಸಿ ಎಳೆದುಕೊಂಡು ಹೋಗುವುದು, ಲೋಟಗಳನ್ನು ಜೋಡಿಸುವುದು, ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಬೇಕಾದ್ದನ್ನು ಕೈಗಿಡುವುದು. ಇದೆಲ್ಲ ಮತ್ತೆ ಮತ್ತೆ ಬರುತ್ತದೆ. ಬೇಸರವಾಗುತ್ತದೆ ಎನ್ನುವವರು ಇದ್ದಾರೆ. ಆ ಪುನರಾವರ್ತನೆ ತೆಗೆದರೆ ಚಿತ್ರವೇ ಉಳಿಯುವುದಿಲ್ಲ. ಬೆಟ್ಟದ ಮೇಲಕ್ಕೆ ಬಂಡೆ ಉರುಳಿಸುವ ಸಿಸಿಫಸ್‌ನ ಕತೆ ನಿರ್ದೇಶಕರ ಮನಸ್ಸಿನಲ್ಲಿತ್ತು ಎಂಬುದು ಗೊತ್ತಿದ್ದರೆ ಆ ಗಾಡಿಯ ಭಾರ ಇನ್ನಷ್ಟು ತಿಳಿಯುತ್ತದೆ. ದಿನಕ್ಕೆ ನೂರು ಜನರ ಜೊತೆ ಮಾತಾಡಿಯೂ ಒಬ್ಬರಿಗೂ ಗೊತ್ತಿಲ್ಲದವನಾಗಿ ಇರುವುದು ಹೇಗಿರುತ್ತದೆ ಎನ್ನುವುದನ್ನು ಇಷ್ಟು ಕರಾರುವಾಕ್ಕಾಗಿ ಇಲ್ಲಿನ ಬೇರಾವ ಚಿತ್ರವೂ ಹಿಡಿದಿಲ್ಲ. ಪತ್ರಿಕೆ ಮಾರುವ ಸ್ಪೇನಿನ ಹುಡುಗಿ ನೊಯೆಮಿಯ ಜೊತೆ ಒಂದು ಸಾಧ್ಯತೆ ಹುಟ್ಟುತ್ತದೆ. ಅದು ಮುಂದುವರಿಯದೆ ಹೋಗುವುದಕ್ಕೆ ಖಳ ಯಾರೂ ಇಲ್ಲ. ಅವನಿಗೆ ಕೈಚಾಚುವಷ್ಟು ಬಿಡುವೂ ಇಲ್ಲ, ಧೈರ್ಯವೂ ಇಲ್ಲ.

ಕೆಲಿ ರೈಕಾರ್ಟ್ ಅವರ ‘ವೆಂಡಿ ಅಂಡ್ ಲೂಸಿ’ (2008) ಇನ್ನೂ ಬಿಗಿ. 80 ನಿಮಿಷದ್ದು. ಜಾನ್ ರೇಮಂಡ್ ಅವರ ಸಣ್ಣಕತೆಯಿಂದ ತೆಗೆದದ್ದು. ವೆಂಡಿ ಎಂಬ ಹುಡುಗಿ ಕೆಲಸ ಹುಡುಕಿಕೊಂಡು ಹಳೇ ಕಾರಿನಲ್ಲಿ ಅಲಾಸ್ಕಕ್ಕೆ ಹೊರಟಿದ್ದಾಳೆ, ಜೊತೆಗೆ ನಾಯಿ ಲೂಸಿ. ಆರೆಗನ್‌ನ ಒಂದು ಊರಿನಲ್ಲಿ ಕಾರು ಕೈಕೊಡುತ್ತದೆ. ನಾಯಿಗೆ ಆಹಾರ ಕದ್ದು ಸಿಕ್ಕಿಬೀಳುತ್ತಾಳೆ. ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಅಂಗಡಿ ಮುಂದೆ ಕಟ್ಟಿದ್ದ ನಾಯಿ ಇಲ್ಲ. ಅಷ್ಟೇ ಕತೆ. ವೆಂಡಿಯಾಗಿ ಮಿಶೆಲ್ ವಿಲಿಯಮ್ಸ್ ಇಲ್ಲಿ ಅಳುವುದೂ ಕಡಿಮೆ. ಖರ್ಚಿನ ಲೆಕ್ಕ ಬರೆಯುವ ಅವಳ ಪುಸ್ತಕವನ್ನು ಗಮನಿಸಿ. ಒಂದೊಂದು ತಪ್ಪಿಗೂ ಆ ಲೆಕ್ಕದಲ್ಲಿ ಎಷ್ಟು ಕಡಿಮೆಯಾಯಿತು ಎನ್ನುವುದು ನಮ್ಮ ತಲೆಯಲ್ಲೂ ಓಡತೊಡಗುತ್ತದೆ. ದುಡ್ಡಿಲ್ಲದ ಒಂಟಿತನಕ್ಕೂ ದುಡ್ಡಿರುವ ಒಂಟಿತನಕ್ಕೂ ಇರುವ ವ್ಯತ್ಯಾಸವನ್ನು ತೋರಿಸುವ ಚಿತ್ರ ಇದು. ಅಂಗಡಿಯ ವಯಸ್ಸಾದ ಕಾವಲುಗಾರ ತನ್ನ ಫೋನು ಕೊಡುತ್ತಾನೆ, ಕೊನೆಗೆ ಯಾರಿಗೂ ಕಾಣದ ಹಾಗೆ ಕೆಲವೇ ಡಾಲರುಗಳನ್ನು ಅವಳ ಕೈಗೆ ತುರುಕುತ್ತಾನೆ. ಆ ನೋಟುಗಳು ಎಷ್ಟು ಕಡಿಮೆ ಎಂದು ಕಂಡಾಗ ಗಂಟಲು ಕಟ್ಟುತ್ತದೆ. ಅವನ ಬಳಿಯೂ ಅಷ್ಟೇ ಇದ್ದದ್ದು.

ಈ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಎಂದು ಹೇಳುವಂಥದ್ದು ಇಲ್ಲ. ವೆಂಡಿ ಗುನುಗುವ ಒಂದು ರಾಗ, ಅಂಗಡಿಯೊಳಗಿನ ಸ್ಪೀಕರು, ದೂರದ ಗೂಡ್ಸ್ ರೈಲು. ಮನಸ್ಸು ಯಾವ ಕಡೆ ವಾಲಬೇಕು ಎಂದು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಮೊದಲ ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸಬಹುದು. ತಾಳಿಕೊಳ್ಳಿ.

ಜಿಮ್ ಜಾರ್ಮುಶ್ ಅವರ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ (1984) ಈ ಸಾಲಿನ ಹಿರಿಯಣ್ಣ. ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಬಳಿ ಉಳಿದಿದ್ದ ಫಿಲಂ ಸುರುಳಿಗಳಲ್ಲಿ ಮೊದಲು ಅರ್ಧ ಗಂಟೆಯ ಕಿರುಚಿತ್ರವಾಗಿ ಶುರುವಾಯಿತು. ಆಮೇಲೆ ಅದೇ ಮೂರು ಭಾಗಗಳ ಪೂರ್ಣ ಚಿತ್ರವಾಗಿ ಬೆಳೆದು ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿ’ಓರ್ ಗೆದ್ದಿತು. ಕಪ್ಪುಬಿಳುಪು. ಪ್ರತಿ ದೃಶ್ಯವೂ ಒಂದೇ ಶಾಟ್, ಎರಡರ ನಡುವೆ ಕೆಲವು ಕ್ಷಣ ಬರೀ ಕಪ್ಪು ಪರದೆ. ಡಿಸ್ಕ್ ಹಾಳಾಗಿದೆಯೋ ನೆಟ್ ನಿಂತಿದೆಯೋ ಎಂದು ಹೊಸಬರು ಗಾಬರಿಯಾಗುವುದುಂಟು. ಆಗಬೇಕಿಲ್ಲ, ಅದು ಚಿತ್ರದ ಉಸಿರು. ವಿಲ್ಲಿಯ ನ್ಯೂಯಾರ್ಕಿನ ಕೋಣೆಗೆ ಹಂಗೆರಿಯಿಂದ ಸೋದರಿ ಸಂಬಂಧದ ಇವಾ ಬರುತ್ತಾಳೆ. ವಿಲ್ಲಿಯೂ ಅಲ್ಲಿಂದಲೇ ಬಂದವನು, ಆದರೆ ಅದನ್ನು ಮರೆಮಾಚಿ ಅಪ್ಪಟ ಅಮೆರಿಕನ್ ಆಗಲು ಹೆಣಗುತ್ತಿದ್ದಾನೆ. ಟೀವಿ ಮುಂದೆ ಇಟ್ಟುಕೊಂಡು ತಿನ್ನುವ ಸಿದ್ಧ ಊಟದ ತಟ್ಟೆಯನ್ನು ಅವನು ಅವಳಿಗೆ ವಿವರಿಸುವ ದೃಶ್ಯವೊಂದಿದೆ. ತನಗೇ ಪೂರ್ತಿ ಗೊತ್ತಿಲ್ಲದ ದೇಶವನ್ನು ಇನ್ನೊಬ್ಬರಿಗೆ ಹೇಳಿಕೊಡುವ ಯಜಮಾನಿಕೆ ಅಲ್ಲಿ ಸಾಕ್ಷಾತ್ ಕಾಣುತ್ತದೆ. ಅವನು ಪ್ರೀತಿಯಿಂದ ಕೊಟ್ಟ ಬಟ್ಟೆಯನ್ನು ಅವಳು ರಸ್ತೆಯ ಕಸದ ಡಬ್ಬಕ್ಕೆ ಹಾಕಿ ನಡೆಯುತ್ತಾಳೆ. ವಿಲ್ಲಿ, ಇವಾ, ವಿಲ್ಲಿಯ ಗೆಳೆಯ ಎಡ್ಡಿ ಮೂವರೂ ಈರಿ ಸರೋವರ ನೋಡಲು ಹೋದರೆ ಅಲ್ಲಿರುವುದು ಹಿಮದ ಬಿಳುಪು ಮಾತ್ರ. ಇಲ್ಲಿ ನಮ್ಮ ಪ್ರಶ್ನೆ ತಲೆಕೆಳಗಾಗುತ್ತದೆ. ಮೂವರೂ ಒಟ್ಟಿಗೆ ಎಲ್ಲವನ್ನೂ ಮಾಡುತ್ತಾರೆ, ಆದರೆ ಯಾವುದನ್ನೂ ಮನಸ್ಸಿಟ್ಟು ಮಾಡುವುದಿಲ್ಲ. ಹತ್ತಿರ ಇದ್ದೂ ಹತ್ತಿರವಾಗದೇ ಉಳಿಯುತ್ತಾರೆ.

‘ಲಾರ್ಸ್ ಅಂಡ್ ದಿ ರಿಯಲ್ ಗರ್ಲ್’ (2007) ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೇಗ್ ಗಿಲೆಸ್ಪಿ ನಿರ್ದೇಶನ, ನ್ಯಾನ್ಸಿ ಆಲಿವರ್ ಚಿತ್ರಕತೆ. ಮೈ ಮುಟ್ಟಿದರೆ ನೋಯುವ ಯುವಕ ಒಂದು ಗೊಂಬೆಯನ್ನು ತನ್ನ ಗೆಳತಿ ಎಂದು ಊರಿಗೆ ಪರಿಚಯಿಸುತ್ತಾನೆ. ರಯಾನ್ ಗಾಸ್ಲಿಂಗ್ ಅವರ ನಟನೆಗಾಗಿ, ವೈದ್ಯೆಯಾಗಿ ಬರುವ ಪೆಟ್ರಿಶಿಯಾ ಕ್ಲಾರ್ಕ್‌ಸನ್ ಅವರಿಗಾಗಿ ನೋಡಬಹುದು. ಊರಿನ ಒಬ್ಬರೂ ಅವನನ್ನು ನೋಯಿಸದಷ್ಟು ಒಳ್ಳೆಯವರಾಗಿಬಿಟ್ಟಿರುವುದರಿಂದ ಕತೆಗೆ ಒತ್ತಿ ನಿಲ್ಲಲು ಎದುರುಗೋಡೆಯೇ ಇಲ್ಲ. ಫಿನ್‌ನ ಊರಿನಲ್ಲಿ ಒಳ್ಳೆಯವರೂ ಒರಟರೂ ಒಂದೇ ಬಾರಿನಲ್ಲಿ ಕೂರುತ್ತಾರೆ. ಹಾಗಾಗಿ ಅಲ್ಲಿ ಸಿಕ್ಕ ಸ್ನೇಹಕ್ಕೆ ಬೆಲೆ ಹೆಚ್ಚು.

ನೋಡುವ ಬಗೆಯ ಕುರಿತು ಒಂದೆರಡು ಮಾತು. ಈ ಚಿತ್ರಗಳು ಸೆಟ್ಟಿಂಗ್ ಸರಿಯಿಲ್ಲದ ಟೀವಿಯಲ್ಲಿ ಅರ್ಧಕ್ಕರ್ಧ ಸತ್ತುಹೋಗುತ್ತವೆ. ಸೂಪರ್ 16 ಫಿಲಂನ ಒಂದು ಫ್ರೇಮು ಸುಮಾರು 12.5 ಮಿ.ಮೀ. ಅಗಲ, 7.4 ಮಿ.ಮೀ. ಎತ್ತರ. 35 ಮಿ.ಮೀ. ಫಿಲಂನಲ್ಲಿ ಅದೇ ಚಿತ್ರಕ್ಕೆ ಸಿಗುವ ಜಾಗದ ಅರ್ಧಕ್ಕಿಂತ ಕಡಿಮೆ. ಅಷ್ಟು ಚಿಕ್ಕದನ್ನು ಅಷ್ಟು ದೊಡ್ಡದು ಮಾಡಿದಾಗ ಪರದೆಯ ಮೇಲೆ ಮರಳಿನಂಥ ಕಣಕಣ ಕಾಣಿಸುತ್ತದೆ. ‘ದಿ ಸ್ಟೇಷನ್ ಏಜೆಂಟ್’, ‘ವೆಂಡಿ ಅಂಡ್ ಲೂಸಿ’ ಎರಡರಲ್ಲೂ ಇದೆ. ಅದು ದೋಷವಲ್ಲ, ಚಿತ್ರದ ಚರ್ಮ. ಟೀವಿಯಲ್ಲಿ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಯಂತ್ರ ಆ ಕಣಗಳನ್ನು ಕೊಳೆ ಎಂದುಕೊಂಡು ಒರೆಸುತ್ತದೆ. ಜೊತೆಗೆ ಮುಖದ ಸುಕ್ಕು, ಕೋಟಿನ ನೇಯ್ಗೆ, ದೂಳು ಎಲ್ಲ ಒರೆಸಿಹೋಗಿ ಮುಖ ಮೇಣದಂತಾಗುತ್ತದೆ. ಮೋಷನ್ ಸ್ಮೂದಿಂಗ್ ಇನ್ನೂ ಕೆಟ್ಟದ್ದು. ಸೆಕೆಂಡಿಗೆ 24 ಫ್ರೇಮುಗಳ ನಡುವೆ ತನ್ನ ಫ್ರೇಮುಗಳನ್ನು ತಾನೇ ಹುಟ್ಟಿಸಿ ಸೇರಿಸುವುದರಿಂದ ಎಲ್ಲವೂ ಧಾರಾವಾಹಿಯಂತೆ ಜಾರುತ್ತದೆ. ಎರಡನ್ನೂ ಆಫ್ ಮಾಡಿ. ಪಿಕ್ಚರ್ ಮೋಡ್ ವಿವಿಡ್ ಇದ್ದರೆ ಸಿನಿಮಾ ಅಥವಾ ಫಿಲಂಮೇಕರ್ ಮೋಡ್‌ಗೆ ಬದಲಿಸಿ. ‘ಮ್ಯಾನ್ ಪುಶ್ ಕಾರ್ಟ್’ ಬಹುಪಾಲು ಕತ್ತಲಿನ ಚಿತ್ರ. ಕೋಣೆಯ ದೀಪ ಆರಿಸದೆ ನೋಡಿದರೆ ಪರದೆಯಲ್ಲಿ ನಿಮ್ಮ ಮುಖವೇ ಕಂಡೀತು.

ಶಬ್ದಕ್ಕೆ ಬಂದರೆ, ಮಾತು ಕೇಳಿಸುತ್ತಿಲ್ಲ ಎಂದು ವಾಲ್ಯೂಮ್ ಏರಿಸುವ ಮೊದಲು ಟೀವಿಯ ಸರೌಂಡ್ ಅನುಕರಣೆ ಆಫ್ ಮಾಡಿ ನೋಡಿ. ಸಣ್ಣ ದನಿಯ ಸಂಭಾಷಣೆಯನ್ನು ಅದು ಮಸುಕು ಮಾಡುತ್ತದೆ. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ವೆಂಡಿಯ ಗುನುಗು, ಹಳಿಯ ಪಕ್ಕದ ಹುಳುಗಳ ಸದ್ದು ಹೆಡ್‌ಫೋನಿನಲ್ಲೇ ಚೆನ್ನ. ಸಬ್‌ಟೈಟಲ್ ಇರಲಿ, ಆದರೆ ಮಾತಿಗಷ್ಟೇ ಇರುವುದನ್ನು ಆರಿಸಿ. ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್‌ನಲ್ಲಿ ಪ್ರತಿ ಸದ್ದಿಗೂ ಬರಹ ಬರುತ್ತದೆ. ಅಗತ್ಯವಿರುವವರಿಗೆ ಅದು ಬೇಕೇ ಬೇಕು. ಇಲ್ಲದವರಿಗೆ ಮೌನದ ಮೇಲೆ ಅಕ್ಷರ ಬಿದ್ದಂತಾಗುತ್ತದೆ.

ಪತ್ರದಲ್ಲಿ ಹುಟ್ಟುವ ಜೊತೆಯ ಎರಡು ಚಿತ್ರ ಉಳಿದಿವೆ. ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ (2013) ಬಹಳ ಜನ ನೋಡಿರುವುದೇ. ಮುಂಬಯಿಯ ಡಬ್ಬಾವಾಲಾಗಳ ಕೈಯಲ್ಲಿ ಒಂದು ಡಬ್ಬಿ ಅದಲುಬದಲಾಗಿ ಇಳಾ ಎಂಬ ಗೃಹಿಣಿಯ ಅಡುಗೆ ನಿವೃತ್ತಿಯ ಅಂಚಿನಲ್ಲಿರುವ ಸಾಜನ್ ಫರ್ನಾಂಡಿಸ್ ಮೇಜಿಗೆ ಹೋಗುತ್ತದೆ. ಎರಡನೇ ಸಲ ನೋಡುವವರು ಇರ್ಫಾನ್ ಖಾನ್ ಡಬ್ಬಿ ತೆರೆಯುವ ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ. ಮೊದಲ ಸಲ ತೆರೆಯುವ ಕೈಗೆ ಬರೀ ಹಸಿವು. ಆಮೇಲಾಮೇಲೆ ಡಬ್ಬಿಯ ಯಾವ ಅಂತಸ್ತಿನಲ್ಲಿ ಚೀಟಿ ಇದೆ ಎಂದು ಕೈ ಮೊದಲು ಹುಡುಕುತ್ತದೆ, ಊಟ ಆಮೇಲೆ. ಇಳಾಳ ಮಾತಿಗೆ ದಿನವೂ ಕಿವಿಗೊಡುವ ಮೇಲಿನ ಮನೆಯ ಆಂಟಿ ಒಮ್ಮೆಯೂ ಪರದೆಗೆ ಬರುವುದಿಲ್ಲ. ಭಾರತಿ ಆಚ್ರೇಕರ್ ಅವರ ದನಿ, ಹಗ್ಗದಲ್ಲಿ ಇಳಿಯುವ ಬುಟ್ಟಿ, ಅಷ್ಟೇ. ಎರಡು ಮಹಡಿಯ ನಡುವಿನ ಆ ಸ್ನೇಹ ಪತ್ರಗಳ ಸ್ನೇಹಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ವಿಮರ್ಶೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಆಡಂ ಎಲಿಯಟ್ ಅವರ ‘ಮೇರಿ ಅಂಡ್ ಮ್ಯಾಕ್ಸ್’ (2009) ಜೇಡಿಮಣ್ಣಿನ ಬೊಂಬೆಗಳನ್ನು ಒಂದೊಂದೇ ಫ್ರೇಮು ಕದಲಿಸಿ ಮಾಡಿದ್ದು. 92 ನಿಮಿಷದ ಚಿತ್ರಕ್ಕೆ 57 ವಾರಗಳ ಚಿತ್ರೀಕರಣ ಹಿಡಿಯಿತು. ಆಸ್ಟ್ರೇಲಿಯಾದ ಮೇರಿಗೆ ಎಂಟು ವರ್ಷ, ನ್ಯೂಯಾರ್ಕಿನ ಮ್ಯಾಕ್ಸ್‌ಗೆ ನಲವತ್ತನಾಲ್ಕು. 1976ರಲ್ಲಿ ಶುರುವಾಗುವ ಪತ್ರಗಳು ವರ್ಷಾನುಗಟ್ಟಲೆ ನಡೆಯುತ್ತವೆ. ಎಲಿಯಟ್ ಅವರಿಗೇ ನ್ಯೂಯಾರ್ಕಿನಲ್ಲಿ ಬಹುಕಾಲದ ಪತ್ರಮಿತ್ರರೊಬ್ಬರಿದ್ದರು, ಕತೆಯ ಬೇರು ಅಲ್ಲಿದೆ. ಮೇರಿಯ ಲೋಕ ಪೂರ್ತಿ ಕಂದು, ಮ್ಯಾಕ್ಸ್‌ನದು ಬೂದು. ಅವಳು ಕಳಿಸಿದ ಕೆಂಪು ಉಣ್ಣೆಯ ಗೊಂಡೆ ಮ್ಯಾಕ್ಸ್‌ನ ತಲೆಯ ಮೇಲೆ ಕೂತಾಗ ಇಡೀ ಬೂದುಬಣ್ಣದ ಊರಿನಲ್ಲಿ ಅದೊಂದೇ ಉರಿಯುತ್ತಿರುತ್ತದೆ. ಬೊಂಬೆ ಎಂದು ಚಿಕ್ಕ ಮಕ್ಕಳಿಗೆ ಹಾಕಿಕೊಡಬೇಡಿ. ಕುಡಿತ, ಸಾವು, ಆತ್ಮಹತ್ಯೆಯ ಯತ್ನ ಎಲ್ಲ ಇದರಲ್ಲಿದೆ. ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಇರುವ ಮ್ಯಾಕ್ಸ್ ತನ್ನನ್ನು ವಾಸಿ ಮಾಡಬೇಕಾದ ಕಾಯಿಲೆ ಎಂದು ಯಾರೂ ನೋಡಬಾರದು ಎನ್ನುತ್ತಾನೆ, ಚಿತ್ರವೂ ಆ ಮಾತಿಗೆ ಕೊನೆತನಕ ನಿಲ್ಲುತ್ತದೆ. ಮೇರಿ ದೊಡ್ಡವಳಾಗಿ ಅವನ ಬಗ್ಗೆಯೇ ಪುಸ್ತಕ ಬರೆದು ಹೆಮ್ಮೆಯಿಂದ ಕಳಿಸಿದಾಗ ಅವನಿಗೆ ಬರುವ ಕೋಪಕ್ಕೆ ಪದ ಸಿಗುವುದಿಲ್ಲ. ಟೈಪ್‌ರೈಟರಿನಿಂದ ‘ಎಂ’ ಅಕ್ಷರದ ಕೀಲಿಯನ್ನು ಕಿತ್ತು ಅದೊಂದನ್ನೇ ಅಂಚೆಯಲ್ಲಿ ಅವಳಿಗೆ ಕಳಿಸುತ್ತಾನೆ. ಇಬ್ಬರ ಹೆಸರೂ ಶುರುವಾಗುವುದು ಆ ಅಕ್ಷರದಿಂದಲೇ.

ಎಂಟನ್ನೂ ನೋಡುವ ಮನಸ್ಸಿದ್ದರೆ ‘ದಿ ಸ್ಟೇಷನ್ ಏಜೆಂಟ್’ ಮೊದಲಿರಲಿ, ಅದರ ಬೆನ್ನಿಗೆ ‘ದಿ ಲಂಚ್‌ಬಾಕ್ಸ್’ ಅಥವಾ ‘ದಿ ವಿಸಿಟರ್’. ‘ಲಾರ್ಸ್’ ಯಾವಾಗ ನೋಡಿದರೂ ಸರಿ. ಜಾರ್ಮುಶ್ ಚಿತ್ರವನ್ನು ನಿದ್ದೆ ಬರುವ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಆ ಕಪ್ಪು ಪರದೆಗಳಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ‘ಮ್ಯಾನ್ ಪುಶ್ ಕಾರ್ಟ್’, ‘ವೆಂಡಿ ಅಂಡ್ ಲೂಸಿ’ ಎರಡನ್ನೂ ಒಂದೇ ರಾತ್ರಿ ನೋಡುವುದು ಬೇಡ. ಎರಡೂ ಸೇರಿ ಮೂರು ಗಂಟೆಯೂ ಆಗದು, ಆದರೆ ಎರಡನೆಯದಕ್ಕೆ ಕೊಡಬೇಕಾದ ಮನಸ್ಸು ಮೊದಲನೆಯದರ ಬಳಿಯೇ ಉಳಿದಿರುತ್ತದೆ. ‘ಮೇರಿ ಅಂಡ್ ಮ್ಯಾಕ್ಸ್’ ಕೊನೆಗಿರಲಿ. ಅದನ್ನು ನೋಡಿದ ಮೇಲೆ ಆ ರಾತ್ರಿ ಇನ್ನೊಂದು ಹಾಕಬೇಕೆನಿಸುವುದಿಲ್ಲ.